ಇಶ್‌ಬೆಲ್ ನಿಲ್ಲಿಸಿದ ಕೆಲಸ

ಕ್ಲೈಡ್‌ಬ್ಯಾಂಕ್‌ನಲ್ಲಿ ಹಡಗು ಕಟ್ಟುತ್ತಿದ್ದ ಕಾಲದಲ್ಲಿ, ಕೊಳವೆಗಳಿಗೆ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಮೆತ್ತುವವರನ್ನು ಊರವರು ‘ಬಿಳಿ ಇಲಿಗಳು’ ಎನ್ನುತ್ತಿದ್ದರು. ಪಾಳಿ ಮುಗಿಸಿ ಬರುವಾಗ ಹುಬ್ಬಿನಿಂದ ಬೂಟಿನವರೆಗೂ ಧೂಳು. ಇಶ್‌ಬೆಲ್ ರ‍್ಯಾಂಕಿನ್‌ಳ ಅಪ್ಪ ಅವರಲ್ಲೊಬ್ಬ. ಅವನ ಬಟ್ಟೆ ಕೊಡವಿ ಒಗೆಯುತ್ತಿದ್ದವಳು ಅಮ್ಮ ನೆಟ್ಟಾ. ಆ ಧೂಳು ಎದೆಗಿಳಿದು, ಐವತ್ತೊಂಬತ್ತನೇ ವಯಸ್ಸಿಗೆಲ್ಲ ಅಪ್ಪ ಉಸಿರು ಸಾಲದೆ ತೀರಿಕೊಂಡ.

ಇಶ್‌ಬೆಲ್ ಆಗ ಊರಿನ ಪ್ರಾಥಮಿಕ ಶಾಲೆಯಲ್ಲಿ ನೆಲ ಒರೆಸುತ್ತಿದ್ದಳು. ಹನ್ನೊಂದು ವರ್ಷ ಒರೆಸಿದಳು. ನಲವತ್ತಾದ ಮೇಲೆ ಸಂಜೆ ತರಗತಿಗೆ ಸೇರಿ, ಎರಡು ಸಲ ಫೇಲಾಗಿ, ಮೂರನೆಯ ಸಲ ಗೆದ್ದು, ಹಳೆಯ ಕಟ್ಟಡಗಳಲ್ಲಿ ಕಲ್ನಾರು ಹುಡುಕುವ ಪರೀಕ್ಷಕಿಯಾದಳು.

ಅವಳಿಗೆ ಐವತ್ತಾರು ತುಂಬಿದ ಬೇಸಿಗೆಯಲ್ಲಿ ಅದೇ ಶಾಲೆಯ ದುರಸ್ತಿ ಶುರುವಾಯಿತು. ಗುತ್ತಿಗೆದಾರ ಡೂಗಲ್ ಪೆಟ್ರಿ ನಕ್ಷೆ ಹರಡಿ ಕೂತಿದ್ದ. ಹಿಂದೆ ಯಾರೋ ಪರೀಕ್ಷೆ ಮಾಡಿ ‘ಕಲ್ನಾರು ಏನೂ ಇಲ್ಲ’ ಎಂದು ಬರೆದುಕೊಟ್ಟಿದ್ದರು. ಅಡುಗೆಮನೆ ಪಕ್ಕದ ಗೋಡೆ ಒಡೆಯಲು ಇಬ್ಬರು ಆಳುಗಳು ಸುತ್ತಿಗೆ ಹಿಡಿದು ನಿಂತಿದ್ದರು.

“ತಡೀರಪ್ಪ, ಇಲ್ಲೊಂದು ಬಾಗಿಲಿತ್ತು,” ಎಂದಳು, ಒಡೆಯುವ ಮುನ್ನ ಕೊನೆಯ ಸಲ ನೋಡಲು ಬಂದಿದ್ದ ಇಶ್‌ಬೆಲ್.

“ನಕ್ಷೇಲಿ ಎಲ್ಲಿದೆ ತೋರ್ಸು?”

“ನಕ್ಷೆ ಬರೆದೋನು ಇಲ್ಲಿ ನೆಲ ಒರೆಸಿದ್ನಾ? ಚಳಿಗಾಲದಲ್ಲಿ ಈ ಜಾಗದಲ್ಲಿ ಮಾತ್ರ ನೆಲ ಬೆಚ್ಚಗಿರ್ತಿತ್ತು. ಒಳಗೆ ಬಿಸಿನೀರಿನ ಕೊಳವೆಗಳಿವೆ.”

“ಅಯ್ಯೋ ತಾಯಿ, ಧೂಳು ಕಂಡಲ್ಲೆಲ್ಲ ನಿನಗೆ ಸಾವೇ ಕಾಣ್ಸುತ್ತೆ. ಮಕ್ಕಳು ಬರೋಕೆ ಇನ್ನು ಮೂರೇ ವಾರ!”

“ಅದಕ್ಕೇ ಹೇಳ್ತಿರೋದು. ಸುತ್ತಿಗೆ ಕೆಳಗಿಡಿ.”

ಆಳುಗಳು ಪೆಟ್ರಿಯ ಮುಖ ನೋಡಲಿಲ್ಲ, ಅವಳ ಮುಖ ನೋಡಿದರು. ಸುತ್ತಿಗೆ ಕೆಳಗಿಟ್ಟರು.

ಎಲ್ಲರನ್ನೂ ಹೊರಗೆ ಕಳಿಸಿ, ಮುಖಗವಸು ಬಿಗಿದು, ಆ ಬಾಗಿಲು ಮುಚ್ಚಿದ್ದ ಹಲಗೆಯ ಅಂಚಿಗೆ ಧೂಳೇಳದಂತೆ ನೀರು ಚಿಮುಕಿಸಿ ಅವಳು ಅದನ್ನು ಮೆಲ್ಲಗೆ ಮೀಟಿದಳು. ಒಳಗೆ ಕೊಳವೆಗಳ ಸಾಲು. ಅವುಗಳ ಮೈಗೆ ಮೆತ್ತಿದ್ದ ಬೂದುಬಣ್ಣದ ಹೊದಿಕೆ ಚಿಂದಿಯಾಗಿ ಜೋತಾಡುತ್ತಿತ್ತು. ಹನ್ನೊಂದು ವರ್ಷ ಈ ಗೋಡೆಯ ಮುಂದೆ ಮಂಡಿಯೂರಿದ್ದು ಅವಳಿಗೆ ನೆನಪಾಯಿತು. ಉಗುರಿನಷ್ಟು ಚೂರು ತೆಗೆದು, ಒಂದರೊಳಗೊಂದು ಎರಡು ಚೀಲದಲ್ಲಿ ಮುಚ್ಚಿ, ಜಾಗದ ಹೆಸರು ಬರೆದಳು.

ಮರುದಿನ ಪ್ರಯೋಗಾಲಯದ ಸೂಕ್ಷ್ಮದರ್ಶಕದ ಕೆಳಗೆ ಎಳೆಗಳು ನೆಟ್ಟಗೆ, ಸೂಜಿಯಂತೆ ಕಂಡವು. ಕಂದು ಕಲ್ನಾರು.

ಶಾಲೆ ಏಳು ವಾರ ತಡವಾಗಿ ತೆರೆಯಿತು. ತಾಯ್ತಂದೆಯರು ಮೊದಲು ರೇಗಿದರು. ಪುರಭವನದಲ್ಲಿ ಸಭೆ ಸೇರಿದಾಗ ಅವಳು ಎದ್ದು ನಿಂತು, ಕಂಡದ್ದನ್ನು ಸುತ್ತುಬಳಸದೆ ಹೇಳಿದಳು. ಕಾಯೋಣ ಎಂದು ಸಭೆ ಒಪ್ಪಿತು. ಪರಿಣತರು ಬಂದು ಆ ಜಾಗಕ್ಕೆ ಪ್ಲಾಸ್ಟಿಕ್ ಪರದೆ ಕಟ್ಟಿ ಎಲ್ಲವನ್ನೂ ತೆಗೆದರು. ಗಾಳಿಯ ಪರೀಕ್ಷೆ ಎರಡು ಸಲ ನಡೆದು, ಎರಡು ಸಲವೂ ಶುದ್ಧವೆಂದು ಬಂತು.

ಮಕ್ಕಳು ಶಾಲೆಗೆ ಮರಳಿದ ಬೆಳಿಗ್ಗೆ ಪೆಟ್ರಿ ಪುಟ್ಟ ಹುಡುಗಿಯೊಬ್ಬಳ ಕೈ ಹಿಡಿದು ಗೇಟಿನ ಬಳಿ ಕಾದಿದ್ದ.

“ನನ್ನ ಮೊಮ್ಮಗಳೂ ಇದೇ ಶಾಲೆ, ಇಶ್‌ಬೆಲ್,” ಎಂದ.

“ಗೊತ್ತು ಕಣೋ. ಅವಳ ಬೂಟಿನ ದಾರ ಬಿಚ್ಚಿದೆ, ಹೋಗಿ ಕಟ್ಟು.”

ಎಂಬತ್ತಾರರ ಅಮ್ಮ ನೆಟ್ಟಾ, ಪತ್ರಿಕೆಯಲ್ಲಿ ಬಂದ ಶಾಲೆಯ ಸುದ್ದಿಯನ್ನು ಕನ್ನಡಕವೇರಿಸಿ ಎರಡು ಸಲ ಓದಿದಳು. “ನಿಮ್ಮಪ್ಪನ ಪಾಳೀಲಿ ನಿನ್ನಂಥೋಳು ಒಬ್ಬಳಿದ್ದಿದ್ರೆ…” ಎಂದವಳು, ಚಹಾ ಲೋಟ ಪಕ್ಕಕ್ಕಿಟ್ಟು, ಪತ್ರಿಕೆಯನ್ನು ಕೋಟಿನ ಜೇಬಿಗೆ ತುರುಕಿಕೊಂಡು ನೆರೆಮನೆಯವರಿಗೆ ತೋರಿಸಲು ಹೊರಟಳು.