ಗಾದಿಲಿಂಗನ ಎರಡು ಟಾರ್ಚು

ಕಿರ್ರ್, ಕಿರ್ರ್. ಬಾವಿಯ ಕಟ್ಟೆಯ ಮೇಲೆ ಕೂತು ಎರ್ರೆಮ್ಮ ಹಿತ್ತಾಳೆ ಟಾರ್ಚಿನ ಮುಚ್ಚಳ ತಿರುಗಿಸುತ್ತಿದ್ದಳು. ಕೆಳಗೆ ನೀರಿನಲ್ಲಿ ಕಲ್ಲು ಹಿಡಿದು ದಮ್ಮು ತೆಗೆದುಕೊಳ್ಳುತ್ತಿದ್ದ ಅವಳ ಗಂಡ ಗಾದಿಲಿಂಗನಿಗೆ ಆ ಸದ್ದು ಕೇಳುತ್ತಿತ್ತು. ಇನ್ನೊಂದು ಟಾರ್ಚು ಆಗಲೇ ಆರಿತ್ತು.

ಕಾನಹೊಸಹಳ್ಳಿಯ ಗಾದಿಲಿಂಗನ ಕಸುಬೇ ಮುಳುಗುವುದು. ಕೊಟ್ಟೂರಿನಿಂದ ಹಡಗಲಿಯವರೆಗೆ ಯಾವ ಬಾವಿಗೆ ಕೊಡ ಬೀಳಲಿ, ಪಂಪಿನ ಫುಟ್‌ವಾಲ್ ಕಳಚಲಿ, ಪಾತಾಳಗರಡಿಯ ಕೊಕ್ಕೆಗೆ ಸಿಗದ್ದು ಅವನ ಕೈಗೆ ಸಿಗುತ್ತಿತ್ತು. ಇಪ್ಪತ್ತು ವರ್ಷ ಕತ್ತಲಲ್ಲೇ ತಡಕಾಡಿದವನು, ಆಮೇಲೆ ಟಾರ್ಚಿಗೆ ಸೈಕಲ್ ಟ್ಯೂಬಿನ ವಾಷರ್ ಕತ್ತರಿಸಿ ಹಾಕಿ, ಹರಳೆಣ್ಣೆ ಸವರಿ, ನೀರೊಳಗೆ ಬೆಳಕು ಒಯ್ಯುವುದನ್ನು ತಾನೇ ಕಂಡುಕೊಂಡ.

ಅದು ೨೦೦೩. ಕೂಡ್ಲಿಗಿ ಹತ್ತಿರದ ಹೊಲದ ಬಾವಿಯಲ್ಲಿ ಮುದುಕಿ ಶಿವಬಸಮ್ಮ ನೀರು ಸೇದಲು ಬಗ್ಗಿದಾಗ ಕೊರಳ ಶಿವದಾರ ಹರಿದು, ಲಿಂಗವಿದ್ದ ಬೆಳ್ಳಿ ಕರಡಿಗೆ ಜಾರಿ ಬಿದ್ದಿತ್ತು. ಲಿಂಗಪೂಜೆಯಾಗದೆ ಆಕೆ ಹನಿ ನೀರನ್ನೂ ಮುಟ್ಟುವವಳಲ್ಲ. ನಿನ್ನೆ ಬೆಳಿಗ್ಗೆಯಿಂದ ಹಾಗೇ ಕೂತಿದ್ದಳು. ಲಿಂಗಕ್ಕೆ ಪೆಟ್ಟಾದೀತೆಂದು ಕೊಕ್ಕೆ ಇಳಿಬಿಡಲೂ ಒಪ್ಪಿರಲಿಲ್ಲ.

ಆಕೆಯ ಮಗ ಹಂಪೇಶ್ ಗೋವಾಕ್ಕೆ ಅದಿರಿನ ಲಾರಿ ಹೊಡೆಯುವವನು. ಅಲ್ಲಿ ಸಮುದ್ರದಲ್ಲಿ ಮುಳುಗು ಹಾಕುವವರಿಂದ ಕೊಂಡಿದ್ದ ಚಾರ್ಜಿನ ಟಾರ್ಚನ್ನು ಹೆಮ್ಮೆಯಿಂದ ಕೊಟ್ಟಿದ್ದ.

"ಇದಕ್ಕ ಮುಚ್ಚಳನ ಇಲ್ಲ. ಬ್ಯಾಟ್ರಿ ಒಳಗ ಕೂಡ್ಸಿ ಬಂದ್ ಮಾಡ್ಯಾರ. ನೀರು ಹೋಗಂಗಿಲ್ಲ."

ನೀರು ಹೋಗಲಿಲ್ಲ, ನಿಜ. ಆದರೆ ರಾತ್ರಿಯ ಮಂದ ಕರೆಂಟಿನಲ್ಲಿ ಕೆಂಪು ದೀಪ ಉರಿದದ್ದನ್ನೇ ನೋಡಿ, ಚಾರ್ಜು ತುಂಬಿತೆಂದು ಮನೆಯವರೆಲ್ಲ ನಂಬಿದ್ದರು. ಎರಡನೇ ಸಲ ಮುಳುಗಿದಾಗ, ಮೆಟ್ಟಿಲ ಬುಡದ ಕೆಸರಿನಲ್ಲಿ ಬೆಳ್ಳಿ ಮಿಂಚಿದ ಗಳಿಗೆಯಲ್ಲೇ ಅದು ಆರಿತು; ಬಿಚ್ಚಿ ಬೇರೆ ಸೆಲ್ಲು ಹಾಕುವಂತೆಯೂ ಇರಲಿಲ್ಲ. ಕತ್ತಲಲ್ಲಿ ತಡಕಿದರೆ ಕರಡಿಗೆ ಇನ್ನೂ ಆಳಕ್ಕೆ ಹೂತುಹೋಗುತ್ತಿತ್ತು.

"ಲಗೂನ ಮಾಡಲೇ," ಎಂದು ಗಾದಿಲಿಂಗ ಕೆಳಗಿನಿಂದ ಕೂಗಿದ.

"ಲಗೂನ ಮಾಡಿದ್ರ ನೀನೂ ನೀರು ಕುಡಿತಿ, ಟಾರ್ಚೂ ಕುಡಿತೈತಿ. ತಡಿ."

ಎರ್ರೆಮ್ಮ ಬಿಸಿಲಿಗೆ ಕಾಯಿಸಿಟ್ಟಿದ್ದ ಮೂರು ಸೆಲ್ಲು ಹಾಕಿದಳು. ವಾಷರಿನ ಮೇಲೆ ಬೆರಳಾಡಿಸಿದಳು. ಒಂದು ತಲೆಗೂದಲು. ನೀರು ನುಗ್ಗಲು ಅಷ್ಟು ಸಾಕು. ಅದನ್ನು ಉಗುರಿನಲ್ಲಿ ಎತ್ತಿ, ಎಣ್ಣೆ ಸವರಿ, ಮುಚ್ಚಳ ಬಿಗಿದು ಹಗ್ಗದಲ್ಲಿ ಇಳಿಬಿಟ್ಟಳು.

ಗಾದಿಲಿಂಗ ಮುಳುಗಿದ. ಹಸಿರು ನೀರಿನಲ್ಲಿ ಹಳದಿ ಬೆಳಕು ಇಳಿದಿಳಿದು ಒಂದು ಚುಕ್ಕಿಯಾಯಿತು. ಮೇಲಿದ್ದವರೂ ಉಸಿರು ಹಿಡಿದಿದ್ದರು. ಶಿವಬಸಮ್ಮನ ತುಟಿ ಮಾತ್ರ ಅಲುಗುತ್ತಿತ್ತು. ಗುಳ್ಳೆಗಳು ಬಂದವು. ಆಮೇಲೆ ಒಂದು ಕೈ ಬಂತು, ಕೈಯಲ್ಲಿ ಟವೆಲ್ಲಿನ ಗಂಟು.

ಇನ್ನೊಬ್ಬರ ಲಿಂಗವನ್ನು ಮುಟ್ಟಬಾರದೆಂದು ಅವನು ಕರಡಿಗೆಯನ್ನು ಕೆಸರಿನ ಸಮೇತ ಬಟ್ಟೆಯಲ್ಲೇ ಬಾಚಿ ತಂದಿದ್ದ. ಹತ್ತಿ ಬಂದು ಆಕೆಯ ಮಡಿಲಲ್ಲಿಟ್ಟ. ಆಕೆ ಗಂಟು ಬಿಚ್ಚಿ, ಕರಡಿಗೆ ತೆರೆದು ನೋಡಿದಳು.

"ಅದಾನಪ್ಪ, ಒಳಗ ಅದಾನ," ಎಂದಳು. "ಪೂಜಿ ಮಾಡ್ಕೊಂತೀನಿ. ಇಬ್ರೂ ಬರ್ರಿ, ನನ್ನ ಜೋಡಿ ಉಣ್ಣಬೇಕು." ಯಾರ ಕೈಯೂ ಹಿಡಿಯದೆ ಎದ್ದು ಮನೆಯ ಕಡೆ ನಡೆದಳು.

ಹಂಪೇಶ್ ಬಿಡಲಿಲ್ಲ. "ಗಾದಿಲಿಂಗಣ್ಣ, ಜಾಗ ತೋರ್ಸಿದ್ದು ನನ್ನ ಟಾರ್ಚು. ಮರೀಬ್ಯಾಡ."

"ನಿಂದೂ ಸುಳ್ಳಲ್ಲಪ್ಪ. ನಿನ್ನ ಟಾರ್ಚು ಒಳಗ ಇನ್ನೂ ಒಣಗೇ ಐತಿ."

"ಮತ್ತ? ಇನ್ನ್ಯಾಕ ಆ ಸೆಲ್ಲು, ಆ ಎಣ್ಣಿ, ಆ ಟ್ಯೂಬು? ಮುಂದಿನ ಸಲ ಗೋವಾಕ್ಕ ಹೋದಾಗ ನಿನಗೂ ಒಂದು..."

ಬದುವಿನ ಮೇಲೆ, ನಿನ್ನೆಯಿಂದ ನೀರೂ ಮುಟ್ಟದ ಶಿವಬಸಮ್ಮನ ಹೆಜ್ಜೆ ತಡವರಿಸಿತು. ಹಂಪೇಶನ ಮಾತು ಮುಗಿಯುವ ಮೊದಲೇ ಗಾದಿಲಿಂಗ, ನೀರು ಸೋರುವ ಚಡ್ಡಿಯಲ್ಲೇ, ಆಕೆಯನ್ನು ಹಿಡಿದುಕೊಳ್ಳಲು ಹಿಂದೆಯೇ ಹೊರಟುಬಿಟ್ಟ.