ಪಿರಿಯಾಪಟ್ಟಣದಿಂದ ಕೋಟೆಗೆ ಒಂದು ಸುಳ್ಳು ಆದೇಶ

ಸರ್ಕಾರಿ ಕೆಲಸಕ್ಕೆ ಸೇರಿ ಎರಡು ವರ್ಷ ತುಂಬುವ ಮೊದಲೇ ನಾನೊಂದು ಸುಳ್ಳು ಆದೇಶ ಹೊರಡಿಸಿದ್ದೆ. ಇಲಾಖೆ ಯಾವುದು ಅಂತ ಹೇಳುವುದಿಲ್ಲ. ಆಗ ಜೊತೆಗಿದ್ದವರಲ್ಲಿ ಕೆಲವರು ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ ಇವತ್ತಿಗೂ ಎದುರಾಗುತ್ತಾರೆ, ನಿಂತು ಮಾತಾಡಿಸುತ್ತಾರೆ. ಅವರಿಗೆ ಮುಜುಗರವಾಗಬಾರದು.

ತೊಂಬತ್ತರ ದಶಕದ ಕೊನೆಯ ಮಾತು. ನಮ್ಮೂರು ಗಾವಡಗೆರೆಯ ಹತ್ತಿರ. ನಾನು ಹುಣಸೂರಿನ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ದಿನಾ ಬಸ್ಸಿನಲ್ಲಿ ಪಿರಿಯಾಪಟ್ಟಣದ ಕಚೇರಿಗೆ ಹೋಗಿಬರುತ್ತಿದ್ದೆ. ಬೆರಳಚ್ಚಿನ ಕೆಲಸಕ್ಕೆ ಸೇರಿದವಳು. ಸೇರಿದ ಆರು ತಿಂಗಳಿಗೆ ಕಚೇರಿಗೆ ಕಂಪ್ಯೂಟರ್ ಬಂತು. ಅದಕ್ಕೊಂದು ಹೂವಿನ ಬಟ್ಟೆಯ ಹೊದಿಕೆ, ಆ ಕೋಣೆಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕೆಂಬ ನಿಯಮ. ಮೂರು ತಿಂಗಳ ತರಬೇತಿ ಮಾಡಿಕೊಂಡಿದ್ದವಳು ನಾನೊಬ್ಬಳೇ ಆದ್ದರಿಂದ ಅದು ನನ್ನ ಪಾಲಿಗೆ ಬಂತು. ಜೊತೆಯಲ್ಲಿ ಬಂದ ಪ್ರಿಂಟರು ಕಿರ್‍ರೋ ಅಂತ ಅರಚಿಕೊಂಡು ಒಂದು ಪುಟ ಮುದ್ರಿಸುವಷ್ಟರಲ್ಲಿ ಪಕ್ಕದ ಕೋಣೆಯವರು ಮಾತು ನಿಲ್ಲಿಸಿಬಿಡುತ್ತಿದ್ದರು. ಒಂದು ವರ್ಷ ಕಳೆಯುವುದರೊಳಗೆ ಅದರ ತಲೆಯೊಳಗಿನ ಒಂದು ಸೂಜಿ ಮುರಿಯಿತು. ಆಮೇಲೆ ಮುದ್ರಿಸಿದ ಪ್ರತಿ ಸಾಲಿನಲ್ಲೂ, ತಲೆಕಟ್ಟಿನ ಸ್ವಲ್ಪ ಕೆಳಗೆ, ಕೂದಲೆಳೆಯಂಥ ಒಂದು ಬಿಳಿ ಗೆರೆ ಅಡ್ಡ ಹಾಯುತ್ತಿತ್ತು. ನೋಡಿ ನೋಡಿ ನನಗೆ ಅದು ಕಾಣಿಸುವುದೇ ನಿಂತುಹೋಗಿತ್ತು.

ಪ್ರಿಂಟರ್ ರಿಪೇರಿ ಮಾಡಿಸಿಕೊಡಿ ಎಂದು ಮೈಸೂರಿನ ಜಿಲ್ಲಾ ಕಚೇರಿಗೆ ಎರಡು ಸಲ ಬರೆದವರು ನಮ್ಮ ಪ್ರಥಮ ದರ್ಜೆ ಗುಮಾಸ್ತರು. ವಯಸ್ಸು ಐವತ್ತರ ಹತ್ತಿರ. ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯಿಂದ ಬರುತ್ತಿದ್ದರು. ತೆಳ್ಳಗೆ, ಎತ್ತರಕ್ಕೆ ಇದ್ದರು. ಬಿಸಿಲಿರಲಿ ಮೋಡವಿರಲಿ ಕೈಯಲ್ಲಿ ಛತ್ರಿ. ಯಾರು ಏನು ಹೇಳಿದರೂ ಅವರದು ಒಂದೇ ಉತ್ತರ: "ಪೇಪರ್ ಮೇಲೆ ಕೊಡಿ." ಸಾಹೇಬರು ಬಾಗಿಲಿನಿಂದ ಇಣುಕಿ ಒಂದು ಕಡತ ಕೇಳಿದರೂ ಅಷ್ಟೇ, ನಾನು ಒಂದು ದಿಸ್ತೆ ಕಾಗದ ಕೇಳಿದರೂ ಅಷ್ಟೇ. ಪೇಪರ್ ಮೇಲೆ ಬಂದದ್ದನ್ನು ಮಾತ್ರ ಮರುಮಾತಿಲ್ಲದೆ ಮಾಡುತ್ತಿದ್ದರು.

ನಮಗೆ ಅವರೊಂದು ತಮಾಷೆಯ ವಸ್ತುವಾಗಿದ್ದರು. ನಮಗೆ ಅಂದರೆ ನನಗೆ ಮತ್ತು ನನ್ನ ಓರಗೆಯ ಇನ್ನೊಬ್ಬ ಗುಮಾಸ್ತನಿಗೆ. ಅವನು ಕೆ.ಆರ್. ನಗರದ ಕಡೆಯವನು, ಬಾಯಿ ತೆರೆದರೆ ನಗೆಚಾಟಿಕೆ. ಅವರ ಪೆನ್ನಿನ ಮುಚ್ಚಳ ಬಚ್ಚಿಡುವುದು, ಛತ್ರಿಯೊಳಗೆ ಕಾಗದದ ಚೂರು ತುಂಬುವುದು, ಇಂಥವು ನಡೆದೇ ಇರುತ್ತಿದ್ದವು. ಅವರು ಬೈಯುತ್ತಿರಲಿಲ್ಲ. ಚೂರುಗಳನ್ನು ಒಂದೊಂದಾಗಿ ಹೆಕ್ಕಿ ಕಸದ ಬುಟ್ಟಿಗೆ ಹಾಕಿ ಮನೆಗೆ ಹೋಗುತ್ತಿದ್ದರು. ಅವರಿಗೆ ಬೇಜಾರಿಲ್ಲ ಅಂತ ನಾವು ಅಂದುಕೊಂಡಿದ್ದೆವು.

ಆ ವರ್ಷದ ಏಪ್ರಿಲ್ ಒಂದನೇ ತಾರೀಖು ಬೆಳಿಗ್ಗೆ ಈ ಗೆಳೆಯ ನನ್ನ ಕೋಣೆಗೆ ಬಂದ.

"ಅವ್ರು ದಿನಾ ಪೇಪರ್ ಪೇಪರ್ ಅಂತಾರಲ್ಲ, ಇವತ್ತು ಒಂದ್ ಪೇಪರ್ ಕೊಡಾನ ಕಣ್ರೀ" ಅಂದ.

ಒಕ್ಕಣೆ ಅವನು ಹೇಳಿದ, ನಾನು ಕೀಲಿ ಒತ್ತಿದೆ. ಆಡಳಿತಾತ್ಮಕ ಹಿತದೃಷ್ಟಿಯಿಂದ ಸದರಿ ನೌಕರರನ್ನು ಹೆಗ್ಗಡದೇವನಕೋಟೆ ಕಚೇರಿಗೆ ಮುಂದಿನ ಆದೇಶದವರೆಗೆ ನಿಯೋಜಿಸಲಾಗಿದೆ, ಈ ದಿನವೇ ಹಾಜರಾಗತಕ್ಕದ್ದು. ಮೇಲೆ ಮೈಸೂರಿನ ಕಚೇರಿಯ ವಿಳಾಸ. ಕೆಳಗೆ, ನಕಲುಗಳಲ್ಲಿ ಇರುವಂತೆ, ಬರೀ "ಸಹಿ/-" ಅಂತ ಹಾಕಿದೆವು. ಅವರು ಗಾಬರಿಯಾಗಿ ಸಾಹೇಬರ ಕೋಣೆಗೆ ಓಡುವುದನ್ನು ನೋಡಿ ನಗಬೇಕು ಅನ್ನುವುದಷ್ಟೇ ನಮ್ಮ ಲೆಕ್ಕ. ಸಾಹೇಬರು ಅವತ್ತು ಮೈಸೂರಿನ ಸಭೆಗೆ ಹೋಗಿದ್ದು ನಮಗೆ ಗೊತ್ತಿರಲಿಲ್ಲ.

ಆದೇಶವನ್ನು ಅವರ ಮೇಜಿನ ಟಪಾಲಿನ ನಡುವೆ ಸೇರಿಸಿ ಟೀ ಕುಡಿಯಲು ಹೋದೆವು. ಹದಿನೈದು ನಿಮಿಷ ಬಿಟ್ಟು ಬಂದರೆ ಅವರ ಕುರ್ಚಿ ಖಾಲಿ. ಛತ್ರಿಯಿಲ್ಲ, ಊಟದ ಡಬ್ಬಿಯೂ ಇಲ್ಲ. ಮೇಜಿನ ಮೇಲೆ ಕಡತಗಳನ್ನು ದಾರ ಕಟ್ಟಿ ಜೋಡಿಸಿಟ್ಟು, ಬೀರುವಿನ ಬೀಗದ ಕೈಗೆ ಚೀಟಿ ಅಂಟಿಸಿದ್ದರು. ಹೊರಗೆ ಹೋಗುವವರು ಬರೆದಿಡುವ ಚಲನವಲನ ಪುಸ್ತಕದಲ್ಲಿ ಅವರ ದುಂಡನೆಯ ಅಕ್ಷರ: "ಆದೇಶದಂತೆ ಹೆಚ್.ಡಿ. ಕೋಟೆಗೆ."

ಗೆಳೆಯ ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ. ಆಮೇಲೆ ಇಬ್ಬರೂ ಬಸ್ ನಿಲ್ದಾಣಕ್ಕೆ ಓಡಿದೆವು. ಹುಣಸೂರು ಬಸ್ಸು ಹೊರಟಾಗಿತ್ತು.

"ಬುಡಿ, ಅಲ್ಲಿ ಹೋಗಿ ಕೇಳ್ದೇಟ್ಗೆ ಗೊತ್ತಾಯ್ತದೆ, ಸಂಜೆ ಬಯ್ಕಂಡು ಬತ್ತಾರೆ" ಅಂದ ಅವನು. ಕೋಟೆಯ ಕಚೇರಿಗೆ ಫೋನ್ ಹಚ್ಚಿದೆವು, ಲೈನ್ ಸತ್ತಿತ್ತು. ಅವರು ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಮೈಸೂರಿನಿಂದ ವಾಪಸಾದ ಸಾಹೇಬರು ಆ ಪುಸ್ತಕ ನೋಡಿ, "ಕೋಟೆಗೆ ಯಾಕೆ ಹೋಗಿದ್ದಾರೆ?" ಅಂತ ಕೇಳಿದರು. ಗೆಳೆಯ ಕಡತದೊಳಗೆ ತಲೆ ಹುದುಗಿಸಿದ, ನಾನು ನನ್ನ ಕೋಣೆಗೆ ನುಸುಳಿದೆ.

ಮೂರನೆಯ ದಿನ ನಾನು ಹೊಟ್ಟೆನೋವು ಅಂತ ರಜೆ ಹಾಕಿ ಹುಣಸೂರಿನಿಂದ ಕೋಟೆ ಬಸ್ಸು ಹತ್ತಿದೆ. ನೋವೇನೂ ಸುಳ್ಳಲ್ಲ, ಎರಡು ದಿನದಿಂದ ಅನ್ನ ಇಳಿದಿರಲಿಲ್ಲ. ಕೋಟೆಗೆ ಸ್ವಲ್ಪ ಮುಂಚೆ ಸಿಗುವ ಹ್ಯಾಂಡ್‌ಪೋಸ್ಟ್‌ನಲ್ಲಿ ಬಸ್ಸು ಅರ್ಧಕ್ಕರ್ಧ ಖಾಲಿಯಾಗಿ ಮತ್ತೆ ತುಂಬಿತು. ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ವಾಕ್ಯ ಜೋಡಿಸಿದ್ದೆ. ಕಚೇರಿಯ ಮೆಟ್ಟಿಲು ಹತ್ತುವಾಗ ಒಂದೂ ನೆನಪಿರಲಿಲ್ಲ.

ಅವರು ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತಿದ್ದರು. ಸುತ್ತ ದೂಳು ಹಿಡಿದ ಕಡತಗಳ ರಾಶಿ. ಎದುರಿನ ಬೆಂಚಿನಲ್ಲಿ ನಾಲ್ಕೈದು ಜನ ಅರ್ಜಿ ಹಿಡಿದು ಕಾದಿದ್ದರು. ಒಬ್ಬರ ಅರ್ಜಿ ಓದಿ, ಏನು ಬಿಟ್ಟುಹೋಗಿದೆ ಅಂತ ಬೆರಳಿಟ್ಟು ತೋರಿಸುತ್ತಿದ್ದರು. ಅಲ್ಲಿನ ಅಧಿಕಾರಿ ಯಾರೋ ಬಂಧುವನ್ನು ಬರಮಾಡಿಕೊಳ್ಳುವ ಹಾಗೆ ನನ್ನನ್ನು ಕೂರಿಸಿದರು.

"ಪಿರಿಯಾಪಟ್ಣದವ್ರಾ? ನಿಮ್ ಸಾಹೇಬ್ರಿಗೆ ಹೇಳಿ, ತುಂಬ ಉಪ್ಕಾರ ಆಯ್ತು ಅಂತ. ಎರಡ್ ವರ್ಷದಿಂದ ಒಬ್ರು ಕ್ಲರ್ಕ್ ಕೊಡಿ ಅಂತ ಬರೆದೂ ಬರೆದೂ ಸಾಕಾಗಿತ್ತು."

ಮಧ್ಯಾಹ್ನದ ಬಿಡುವಿನಲ್ಲಿ ಗುಮಾಸ್ತರನ್ನು ಹೊರಗಿನ ಹೊಂಗೆ ಮರದಡಿಗೆ ಕರೆದುಕೊಂಡು ಹೋಗಿ, "ಸಾರ್, ಆ ಆರ್ಡರು..." ಅಂದೆ.

"ನಿಮ್ ಮಿಸೀನಿಂದು" ಅಂದರು ಅವರು. "ಗೊತ್ತು ಕಣಮ್ಮ."

ಜೇಬಿನಿಂದ ಆ ಕಾಗದ ತೆಗೆದು ಮಡಿಕೆ ಬಿಚ್ಚಿದರು. ಬಿಳಿ ಗೆರೆಯ ಮೇಲೆ ಉಗುರು ಎಳೆದು ತೋರಿಸಿದರು. "ಈ ಗೆರೆ ಬಗ್ಗೆ ಎರಡ್ ಕಾಗ್ದ ಬರ್ದೋನು ನಾನು. ಮೈಸೂರಿನ ಆರ್ಡರ್‌ಗೆ ನಮ್ಮಾಪೀಸಿನ ಗೆರೆ ಎಂಗ್ ಬತ್ತದೆ? ಆಪೀಸಲ್ಲಿ ಓದ್ದಾಗ ಗಮನ ಹೋಗ್ನಿಲ್ಲ. ಹುಣಸೂರು ಬಸ್‌ಸ್ಟ್ಯಾಂಡಲ್ಲಿ ಕೂತ್ಕಂಡು ಇನ್ನೊಂದ್ಸಲ ಓದ್ದೆ. ಆವಾಗ ಕಂಡ್ತು."

"ಮತ್ತೆ ವಾಪಸ್ ಬರ್ಬೋದಿತ್ತಲ್ಲ ಸಾರ್?"

ಅವರು ಕಾಗದ ಮಡಿಸಿ ಮತ್ತೆ ಜೇಬಿಗಿಟ್ಟರು. "ಬಂದಿದ್ರೆ ನೀವೆಲ್ಲಾ ಬಾಗ್ಲಲ್ಲಿ ನಗ್ತಾ ನಿಂತಿರ್ತಿದ್ರಿ. ನಾಕು ವರ್ಷ ಆಯ್ತು ಕಣಮ್ಮ ನಾನು ಆ ಆಪೀಸಿಗೆ ಬಂದು. ದಿನಾ ಎಲ್ರೂ ಟೀಗೆ ಹೋಯ್ತೀರಿ. ಒಂದ್ ದಿನ, ನೀವೂ ಬನ್ನಿ ಅಂತ ಯಾರಾರ ಕರ್ದಿದ್ದೀರಾ? ಅಷ್ಟೊತ್ಗೆ ಕೋಟೆ ಬಸ್ ಬಂತು. ಹತ್ಬುಟ್ಟೆ. ಇಲ್ಲಿ ಬಂದ್ ನಿಜ ಹೇಳಾನ ಅಂತಿದ್ದೆ. ಇವ್ರು ನನ್ ಕಂಡು ಅಷ್ಟು ಖುಷಿ ಪಟ್ರು. ಬಾಯೇ ಬರ್ನಿಲ್ಲ."

ನಾನು ಅತ್ತುಬಿಟ್ಟೆ. ಅವರು ಗಾಬರಿಯಿಂದ ಅತ್ತಿತ್ತ ನೋಡಿ, "ಅಳ್ಬೇಡಿ, ಯಾರಾರ ನೋಡಾರು" ಅಂದರು. ತಾವೇ ಎರಡು ದಿನದಲ್ಲಿ ಬಂದು ಸಾಹೇಬರಿಗೆ ವಿವರಿಸುವುದಾಗಿಯೂ ಹೇಳಿದರು. ಆದರೆ ಎರಡು ದಿನ ನಮಗೆ ಸಿಗಲಿಲ್ಲ.

ಮರುದಿನದ ಟಪಾಲಿನಲ್ಲಿ ಕೋಟೆಯಿಂದ ಅವರು ಕೆಲಸಕ್ಕೆ ಹಾಜರಾದ ವರದಿ ಬಂತು. ಅದರೊಂದಿಗೆ ಆದೇಶದ ಜೆರಾಕ್ಸ್ ಪ್ರತಿಯಿತ್ತು. ಸಾಹೇಬರು ಮೈಸೂರಿಗೆ ಫೋನ್ ಮಾಡಿ ವಿಚಾರಿಸಿದರು. ಅಂಥ ಆದೇಶವೇ ಇಲ್ಲ ಅಂದರು ಅಲ್ಲಿಯವರು. ಆಮೇಲೆ ಸಾಹೇಬರು ಜೆರಾಕ್ಸ್ ಪ್ರತಿಯನ್ನೂ ಅದೇ ಬೆಳಿಗ್ಗೆ ನಾನು ಮುದ್ರಿಸಿ ಸಹಿಗೆ ಇಟ್ಟಿದ್ದ ಒಂದು ಪತ್ರವನ್ನೂ ಪಕ್ಕಪಕ್ಕ ಇಟ್ಟುಕೊಂಡು ನನ್ನನ್ನು ಕರೆಸಿದರು. ಜೆರಾಕ್ಸಿನಲ್ಲಿ ಆ ಗೆರೆ ಇನ್ನೂ ಎದ್ದು ಕಾಣುತ್ತಿತ್ತು. ಮೊತ್ತಮೊದಲ ಸಲ ನೋಡುವವಳಂತೆ ನೋಡಿದೆ.

"ಇದಕ್ಕೆ ಏನಂತಾರೆ ಗೊತ್ತೇನಮ್ಮ? ಪೊಲೀಸರಿಗೆ ಕೊಟ್ಟರೆ ನಿನ್ನ ಕೆಲಸ ಉಳಿಯುತ್ತಾ? ಇನ್ನೂ ಪ್ರೊಬೇಷನ್ ಮುಗಿದಿಲ್ಲ" ಅಂದರು ಸಾಹೇಬರು. ಸಿಟ್ಟಿಗಿಂತ ಹೆಚ್ಚಾಗಿ ದಣಿವಿನ ದನಿ.

"ತಪ್ಪಾಯ್ತು ಸಾರ್. ನಾನೇ ಮಾಡಿದ್ದು" ಅಂದೆ.

ಗೆಳೆಯನ ಹೆಸರು ಹೇಳಲಿಲ್ಲ. ಅವನು ಆ ದಿನ ಸಂಜೆಯವರೆಗೂ ತಲೆ ಎತ್ತದೆ ಕೂತಿದ್ದ. ನನಗೆ ಒಳಗೊಳಗೇ ಅವನ ಮೇಲೆ ಕೋಪ. ಮರುದಿನ ಬೆಳಿಗ್ಗೆ ಸಾಹೇಬರು ಬಂದು ಕೂರುತ್ತಿದ್ದ ಹಾಗೆ ಅವನೇ ಒಳಗೆ ಹೋದ. ಬಾಗಿಲು ತೆರೆದಿತ್ತು, ಮಾತು ಕೇಳುತ್ತಿತ್ತು.

"ಒಕ್ಕಣೆ ನಂದು ಸಾರ್. ಆಡಳಿತಾತ್ಮಕ ಹಿತದೃಷ್ಟಿ ಅಂತೆಲ್ಲಾ ಬರ್ಯಕ್ಕೆ ಅವ್ರಿಗೆ ಎಲ್ ಬತ್ತದೆ? ಅವ್ರೊಬ್ರುನ್ನೇ ಹಿಡಿಬ್ಯಾಡಿ."

ಸಾಹೇಬರಿಗೆ ನಗು ಬಂತೋ ಏನೋ, ಕೆಮ್ಮಿದರು.

ಅಷ್ಟರಲ್ಲಿ ಛತ್ರಿಯ ಸಮೇತ ಅವರೂ ಬಂದರು. ನಮ್ಮಿಬ್ಬರನ್ನೂ ಒಳಗೆ ಕರೆಸಲಾಯಿತು. ಅವರು ಬಯ್ಯುತ್ತಾರೆ, ದೂರು ಕೊಡುತ್ತಾರೆ ಅಂದುಕೊಂಡು ನಿಂತಿದ್ದೆವು. ಅವರು ಸಾಹೇಬರ ಮೇಜಿನ ಮೇಲೆ ಒಂದು ಅರ್ಜಿ ಇಟ್ಟರು. ಕೋಟೆಯ ಕಚೇರಿಗೆ ತಮ್ಮನ್ನು ನಿಯೋಜಿಸಬೇಕೆಂಬ ಕೋರಿಕೆ ಅದು.

"ನಿಮಗೆ ದೂರ ಆಗಲ್ವೇನ್ರೀ?" ಅಂತ ಸಾಹೇಬರು ಕೇಳಿದರು.

"ಹುಣಸೂರಿಗೆ ಬರ್ಲೇಬೇಕು ಸಾರ್. ಅಲ್ಲಿಂದ ಈ ಕಡೀಕೆ ಬರೋ ಬದ್ಲು ಆ ಕಡೀಕೆ ಹೋಯ್ತೀನಿ. ಅರ್ಧ ಗಂಟೆ ಜಾಸ್ತಿ ಆಯ್ತದೆ ಅಷ್ಟೇಯ." ಆಮೇಲೆ ನಮ್ಮ ಕಡೆ ನೋಡದೆ, "ಈ ಹುಡುಗ್ರುದ್ದು ದೊಡ್ಡದು ಮಾಡ್ಬ್ಯಾಡಿ. ಕೆಲ್ಸ ಹೋದ್ರೆ ನಂಗೂ ನೆಮ್ಮದಿ ಇರಾಕಿಲ್ಲ" ಅಂದರು.

ಸುಮ್ಮನೆ ಬಿಡಲಿಲ್ಲ. ಇಬ್ಬರಿಗೂ ಕಾರಣ ಕೇಳಿ ನೋಟಿಸು ಬಂತು, ಇಬ್ಬರೂ ತಪ್ಪೊಪ್ಪಿಗೆ ಬರೆದುಕೊಟ್ಟೆವು, ಇಬ್ಬರಿಗೂ ಲಿಖಿತ ಎಚ್ಚರಿಕೆಯಾಯಿತು. ನನ್ನ ಪ್ರೊಬೇಷನ್ ಆರು ತಿಂಗಳು ಮುಂದಕ್ಕೆ ಹೋಯಿತು. ಊರಿನ ಮನೆಯಲ್ಲಿ ಅದನ್ನು ಹೇಳುವಾಗ ಅಪ್ಪನ ಮುಖ ನೋಡಲಾಗಲಿಲ್ಲ. ಗುಮಾಸ್ತರ ನಿಯೋಜನೆಗೆ ಮೈಸೂರಿನಿಂದ ನಿಜವಾದ ಆದೇಶ ಬರಲು ಎರಡು ತಿಂಗಳು ಹಿಡಿಯಿತು. ಅಷ್ಟು ದಿನ ಅವರು ನಮ್ಮಲ್ಲೇ ಕೂತು ಕೆಲಸ ಮಾಡಿದರು. ನಾವು ಟೀಗೆ ಕರೆದೆವು, ಬಂದರು. ಹೋಟೆಲಿನಲ್ಲಿ ನಾಲ್ಕು ಜನರೆದುರು ಅವರು ಒಳ್ಳೆಯ ಮಾತುಗಾರ ಅಂತ ಗೊತ್ತಾಯಿತು. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ಒಮ್ಮೆ ಸಿಕ್ಕಿಕೊಂಡ ಮೇಕೆಯ ಕಥೆ ಹೇಳಿ ಗೆಳೆಯನ ಮೂಗಿನಲ್ಲಿ ಟೀ ಬರಿಸಿದ್ದರು. ಇಷ್ಟು ಸುಲಭವಾಗಿತ್ತಲ್ಲ ಅಂತ ನನಗೆ ಆಗ ನಾಚಿಕೆಯಾಯಿತು, ಈಗಲೂ ಆಗುತ್ತದೆ.

ಕೆಲವು ವರ್ಷಗಳ ನಂತರ ನಾನು ಕೆ.ಆರ್. ನಗರಕ್ಕೆ ವರ್ಗವಾದೆ. ಅಲ್ಲಿಗೆ ಇ-ಮೇಲ್ ಬಂದಿತ್ತು. ಇಡೀ ಕಚೇರಿಗೆ ಒಂದೇ ವಿಳಾಸ, ಪಾಸ್‌ವರ್ಡನ್ನು ಗೋಡೆಯ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಟ್ಟಿದ್ದರು. ಯಾರೋ ಒಬ್ಬರು ಶನಿವಾರ ರಜೆ ಅಂತ ಉಳಿದ ತಾಲ್ಲೂಕು ಕಚೇರಿಗಳಿಗೆಲ್ಲ ಸುಳ್ಳು ಮೇಲ್ ಕಳಿಸಿಬಿಟ್ಟರು. ಕಳಿಸಿದ ಗಂಟೆ, ನಿಮಿಷ ಎಲ್ಲ ಅದರಲ್ಲೇ ಇತ್ತು. ಆ ಹೊತ್ತಿಗೆ ಯಂತ್ರದ ಮುಂದೆ ಯಾರಿದ್ದರು ಅನ್ನುವುದು ಮಾತ್ರ ಇರಲಿಲ್ಲ. ಕೊನೆಗೆ ಹೊಸದಾಗಿ ಸೇರಿದ್ದ ಒಬ್ಬ ಹೆಣ್ಣುಮಗಳ ಮೇಲೆ ಅನುಮಾನ ಬಂತು. ಅವಳಲ್ಲ, ಆ ಹೊತ್ತಿಗೆ ಅವಳು ನನ್ನ ಎದುರಿಗೆ ಕೂತು ಕಡತ ಹೊಲಿಯುತ್ತಿದ್ದಳು ಅಂತ ನಾನು ಸಾಹೇಬರ ಮುಂದೆ ಹೇಳಿದೆ. ಹೇಳಿದ್ದನ್ನು ಬರೆದೂ ಕೊಟ್ಟೆ. ಮಾಡಿದವರು ಯಾರೆಂದು ಕಡೆಗೂ ಗೊತ್ತಾಗಲಿಲ್ಲ.

ಛತ್ರಿಯ ಗುಮಾಸ್ತರು ಕೋಟೆಯಲ್ಲೇ ನಿವೃತ್ತರಾದರು. ಅದೇ ವಾರದ ಭಾನುವಾರ ಕಟ್ಟೆಮಳಲವಾಡಿಯ ಮನೆಗೆ ನಮ್ಮನ್ನೆಲ್ಲ ಊಟಕ್ಕೆ ಕರೆದಿದ್ದರು. ಕೋಟೆ ಕಚೇರಿಯವರು ಒಂದು ವ್ಯಾನು ಮಾಡಿಕೊಂಡು ಬಂದಿದ್ದರು. ಪಡಸಾಲೆಯಲ್ಲಿ ಎಲೆ ಹಾಕಿ ಬಡಿಸುತ್ತಿದ್ದ ಅವರ ಹೆಂಡತಿ ನನ್ನ ಮುಂದೆ ನಿಂತರು.

"ನೀನೇನವ್ವ ಇವ್ರುನ್ನ ಕೋಟೆಗೆ ಕಳುಸ್ದೋಳು?"

ನಾನು ತಲೆ ತಗ್ಗಿಸಿದೆ.

"ಮುಂಚೆ ಆಪೀಸಿಂದ ಬಂದ್ರೆ ಉಸಿರು ಬುಡ್ತಿರ್ನಿಲ್ಲ. ಉಂಡು ಮಲಗೋರು. ಕೋಟೆಗ್ ಹೋದ್ಮೇಲೆ ಅಲ್ಲಿ ಅವ್ರು ಅಂಗಂದ್ರು, ಇವ್ರು ಇಂಗಂದ್ರು ಅಂತ ದಿನಾ ಒಂದೊಂದು ಕತೆ" ಅಂದರು. ಮುದ್ದೆಯನ್ನು ನನ್ನ ಎಲೆಗೆ ಇಟ್ಟು, ದನಿ ತಗ್ಗಿಸಿ, "ಆದ್ರೂ ಅಂಗ್ ಮಾಡ್ಬಾರ್ದಾಗಿತ್ತು ಕಣವ್ವ. ಆ ಕಾಗ್ದ ಬಂದ್ಮೇಲೆ ಮೂರ್ ದಿನ ಅವ್ರು ಮನೇಲಿ ಊಟ ಮಾಡ್ನಿಲ್ಲ" ಅಂದರು.

"ಗೊತ್ತಿರ್ಲಿಲ್ಲ ಅಮ್ಮ" ಅಂದೆ. ಅವರು ತಲೆಯಾಡಿಸಿ, ಸಾರು ತರಲು ಒಳಗೆ ಹೋದರು.