ಊಟಕ್ಕೆ ಮೊದಲು ಒಂದು ನಿದ್ದೆ

ಶಿಶುವಿಹಾರದ ಆಯಾ ಇಪ್ಪತ್ತು ವರ್ಷಗಳಲ್ಲಿ ಬಗೆಬಗೆಯ ಹಟಮಾರಿಗಳನ್ನು ಕಂಡವಳು. ಆದರೆ ಬಸ್ ಕಂಡಕ್ಟರಮ್ಮನ ಮೂರು ವರ್ಷದ ಮಗಳು ಅವಳಿಗೂ ನೀರು ಕುಡಿಸಿದಳು. ತಟ್ಟೆ ಕಂಡರೆ ತುಟಿ ಬಿಗಿಯುವಳು, ಬಿಸ್ಕತ್ತು ಕಂಡರೆ ಮಾತ್ರ ಬಾಯಿ ತೆರೆಯುವಳು.

"ಎಷ್ಟೊತ್ತಿಗೆ ಮಲಗ್ತಾಳಮ್ಮ?" ಎಂದು ಆಯಾ ತಾಯಿಯನ್ನು ಕೇಳಿದಳು.

"ನಾನು ಡ್ಯೂಟಿ ಮುಗಿಸಿ ಬರೋವರೆಗೂ ಕಾಯ್ತಾಳೆ. ಹನ್ನೊಂದಾಗುತ್ತೆ."

"ಹಂಗಾದ್ರೆ ಇದು ಹೊಟ್ಟೆ ಹಟ ಅಲ್ಲ, ಕಣ್ಣಿನ ಹಟ. ನಿದ್ದೆಗೆಟ್ಟ ಮಗು ಸಿಹೀನೇ ಕೇಳೋದು."

ಮರುದಿನ ಆಯಾ ಊಟಕ್ಕೆ ಮೊದಲೇ ಮಗುವನ್ನು ಚಾಪೆಯ ಮೇಲೆ ಮಲಗಿಸಿ ಬೆನ್ನು ತಟ್ಟಿದಳು. ಒಂದೂವರೆ ಗಂಟೆ ಗೊರಕೆ ಹೊಡೆದು ಎದ್ದ ಮಗು ತನ್ನ ತಟ್ಟೆಯ ಕ್ಯಾರೆಟ್ಟು, ಬೀನ್ಸು ಖಾಲಿ ಮಾಡಿ ಆಯಾಳ ಬುತ್ತಿಗೂ ಕೈ ಹಾಕಿತು. ಆಯಾ ತಾನು ಹಸಿದಿದ್ದರೂ, ಗೆದ್ದ ಪೈಲ್ವಾನನಂತೆ ಬೀಗಿದಳು.

ಕಂಡಕ್ಟರಮ್ಮ ನಂಬಲಿಲ್ಲ. ಕಣ್ಣಾರೆ ನೋಡಲೆಂದು ರಜೆ ಹಾಕಿ ಬಂದು ಮಗಳ ಪಕ್ಕದಲ್ಲೇ ಕುಳಿತಳು. ಆಯಾ ಗುನುಗತೊಡಗಿದಳೋ ಇಲ್ಲವೋ, ಮಗಳಿಗಿಂತ ಮೊದಲು ತಾಯಿಯೇ ಉರುಳಿದಳು. ಅವಳಿಗೆ ಎಚ್ಚರವಾದಾಗ ಮಗಳು ಉಂಡು ಕೈ ತೊಳೆದಾಗಿತ್ತು.

"ಅಯ್ಯೋ, ನಾನು ನೋಡ್ಲೇ ಇಲ್ವಲ್ಲ!" ಎಂದು ಹಣೆ ಚಚ್ಚಿಕೊಂಡವಳು, ಆಮೇಲೆ ನಾಚುತ್ತ ಕೇಳಿದಳು: "ಆಯಮ್ಮ, ತಪ್ಪು ತಿಳೀಬೇಡಿ, ನಂಗೂ ಒಂದು ತಟ್ಟೆ ಸಿಗುತ್ತಾ?"